ಧಣಿಯ ಕೋಳಿಗೂ ಅದೇ ಗೇಟು

೨೦೨೪ರ ಜನವರಿ ೧೨, ಶುಕ್ರವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಒಮಾನಿನ ಸುವೈಕ್ ಹೊರವಲಯದ ಮೊಟ್ಟೆಕೋಳಿ ಫಾರ್ಮೊಂದರಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ಅದು ನನ್ನ ಎರಡನೆಯ ಚಳಿಗಾಲ. ಎರಡು ಶೆಡ್, ಒಂಬತ್ತು ಸಾವಿರ ಕೋಳಿ, ಆರು ಜನ ನಾವು.

ಚಳಿಗಾಲದಲ್ಲಿ ಕಡಲತೀರಕ್ಕೆ ವಲಸೆ ಹಕ್ಕಿಗಳು ಬರುತ್ತವೆ. ಅವುಗಳ ಜೊತೆ ಹಕ್ಕಿಜ್ವರದ ಭಯವೂ ಬರುತ್ತದೆ. ರೋಗ ಒಳಬರದಂತೆ ನೋಡಿಕೊಳ್ಳುವ ಶಿಸ್ತಿಗೆ ನಮ್ಮಲ್ಲಿ ಬಯೋಸೆಕ್ಯುರಿಟಿ ಎನ್ನುತ್ತಾರೆ. ದೊಡ್ಡ ಫಾರ್ಮ್‌ಗಳಲ್ಲಿ ಅದಕ್ಕೆ ಲಾರಿ ತೊಳೆಯುವ ಯಂತ್ರ, ಸ್ನಾನದ ಕೋಣೆ ಎಲ್ಲ ಇರುತ್ತವೆ. ನಮ್ಮಲ್ಲಿದ್ದದ್ದು ಒಂದು ಕಬ್ಬಿಣದ ಗೇಟು, ಕಾಲು ಅದ್ದುವ ಔಷಧಿನೀರಿನ ಟ್ರೇ, ಒಳಗೆ ಮಾತ್ರ ಹಾಕುವ ಬೂಟುಗಳು. ಬಡ ದೇಶ ರೋಗ ತಡೆಯುವುದೂ ಹೀಗೆಯೇ ಇರಬೇಕು: ಆಸ್ಪತ್ರೆ ಕಟ್ಟಲಾಗದಿದ್ದರೆ ಗಡಿಯನ್ನಾದರೂ ಕಾಯಬೇಕು. ಒಂದು ಕೋಳಿಗೆ ಸೋಂಕು ಖಚಿತವಾದರೂ ಒಂಬತ್ತು ಸಾವಿರವನ್ನೂ ಕೊಂದು ಹೂಳಬೇಕು. ಆಮೇಲೆ ಆರೂ ಜನ ಕೆಲಸ ಕಳೆದುಕೊಂಡು ಊರಿನ ವಿಮಾನ ಹತ್ತಬೇಕು.

ಅದಕ್ಕೂ ಮೊದಲು, ಡಿಸೆಂಬರಿನಲ್ಲಿ, ನಮ್ಮ ಡ್ರೈವರ್ ಸಂಜೀವಣ್ಣ ನಾವು ಮಲಗುವ ಕ್ಯಾಂಪಿನ ಹಿಂದೆ ಒಂದು ಹುಂಜ ಸಾಕಿದ್ದು ಗೊತ್ತಾಯಿತು. ಅವರು ಕಾರ್ಕಳದವರು, ಕೋಳಿಅಂಕದ, ಎಂದರೆ ಕೋಳಿ ಕಾಳಗದ, ಹುಚ್ಚಿನವರು. ಸಂತೆಯಲ್ಲಿ ಆ ಕೆಂಪು ಹುಂಜ ಕಂಡಾಗ ಬಿಟ್ಟು ಬರಲಾಗಲಿಲ್ಲವಂತೆ.

"ಸಂಜೀವಣ್ಣ, ಇದು ಇಲ್ಲಿ ಇರ್ಲಿಕ್ಕಾಗುದಿಲ್ಲ. ಕೊಟ್ಟರೂ ಬೇರೆಯವರಿಗೆ ಅಪಾಯ."

"ಊರಲ್ಲಿ ಪಂಚಾಂಗ ನೋಡಿ ಕೋಳಿ ಕಣಕ್ಕಿಳಿಸ್ತೇವೆ ಮಾರಾಯ. ನೀನು ಕೈಗೆ ಗ್ಲೌಸ್ ಹಾಕಿ ಯಮಗಂಡಕಾಲ ಹೇಳ್ತಿ!"

ನಗುತ್ತಲೇ ಹೇಳಿದರು. ಆದರೆ ನನ್ನ ಮಾತಿನಂತೆ ತಾವೇ ಅದನ್ನು ಕೊಂದು, ಸುಣ್ಣ ಹಾಕಿ ಹೂತು ಬಂದ ಮೇಲೆ ಮೂರು ದಿನ ನನ್ನೊಡನೆ ಊಟಕ್ಕೆ ಕೂರಲಿಲ್ಲ.

ಆ ಶುಕ್ರವಾರ ನಮ್ಮ ಕಫೀಲ್, ಎಂದರೆ ವೀಸಾ ಕೊಟ್ಟ ಯಜಮಾನರು, ನಾವು ಅರಬಾಬ್ ಎಂದು ಕರೆಯುವವರು, ಪಿಕಪ್‌ನಲ್ಲಿ ಬಂದರು. ಹಿಂದೆ ಪಂಜರದಲ್ಲಿ ಏಳು ಚುಕ್ಕೆ ಕೋಳಿ. ಅವರ ಮಾವ ಸಂತೆಯಲ್ಲಿ ಕೊಂಡು ಕೊಟ್ಟ ಉಡುಗೊರೆ. ಮಾವನೂ ಪಕ್ಕದಲ್ಲೇ ಕುಳಿತಿದ್ದರು.

"ಯಲ್ಲಾ, ಗೇಟ್ ತೆಗಿ. ಶೆಡ್ಡಿನ ಪಕ್ಕ ಬಿಡು," ಎಂದು ಯಜಮಾನರು ಅರಬಿ ಬೆರೆತ ಹಿಂದಿಯಲ್ಲಿ ಅವಸರಪಡಿಸಿದರು.

ಅಲ್ಲಿ ಉಡುಗೊರೆಯನ್ನು ಬೇಡ ಎನ್ನುವುದಿಲ್ಲ. ಕೊಟ್ಟವರ ಎದುರಿಗಂತೂ ಇಲ್ಲವೇ ಇಲ್ಲ. ನನ್ನ ಕೈ ಚಿಲಕದ ಮೇಲಿತ್ತು. ಹಿಂದಿನಿಂದ ಸಂಜೀವಣ್ಣನ ದನಿ ಬಂತು:

"ತೆಗಿ ಮಾರಾಯ, ತೆಗಿ. ಧಣಿಯ ಕೋಳಿಗೆ ಜ್ವರ ಬರುದಿಲ್ಲ. ನನ್ನದು ಮಾತ್ರ ಸಾಯ್ಲಿಕ್ಕೆ ಹುಟ್ಟಿದ್ದು."

ನಾನು ಚಿಲಕದಿಂದ ಕೈ ತೆಗೆದೆ.

"ಅರಬಾಬ್, ನೀವು ಬೂಟು ಹಾಕಿಕೊಂಡು ಬನ್ನಿ. ಕೋಳಿಗಳು ಬರುವುದಿಲ್ಲ. ಅವನ್ನು ಬೇರೆಯಾಗಿಟ್ಟು ಪಶುವೈದ್ಯರಿಗೆ ತೋರಿಸಿ."

"ಫಾರ್ಮ್ ಯಾರದ್ದು?"

"ನಿಮ್ಮದು. ಅದಕ್ಕೇ ತೆಗೆಯುವುದಿಲ್ಲ."

"ನಾಳೆ ನಿನ್ನ ವೀಸಾ ಖಲಾಸ್!"

"ಆಗಲಿ. ಇವತ್ತು ಗೇಟಿನಲ್ಲಿ ನಾನಿದ್ದೇನೆ."

ಮಾವ ಕಿಟಕಿಯ ಗಾಜು ಏರಿಸಿದರು. ಪಿಕಪ್ ಧೂಳೆಬ್ಬಿಸಿ ತಿರುಗಿತು. ಸಂಜೀವಣ್ಣ ಬಂದು ಗೇಟಿಗೆ ಇನ್ನೊಂದು ಬೀಗ ಹಾಕಿದರು. "ಊರಿಗೆ ಹೋಗುದಾದ್ರೆ ಒಟ್ಟಿಗೇ ಹೋಗುವ. ನಿನಗೊಂದು ಒಳ್ಳೆ ಅಂಕ ತೋರಿಸ್ತೇನೆ."

ಹೋಗಬೇಕಾಗಲಿಲ್ಲ. ಮುಂದಿನ ವಾರ ಯಜಮಾನರು ಪಿಕಪ್ಪನ್ನು ರಸ್ತೆಯಲ್ಲೇ ನಿಲ್ಲಿಸಿ ನಡೆದು ಬಂದರು. ಚಪ್ಪಲಿ ಕಳಚಿ ನಮ್ಮ ಬೂಟು ಹಾಕಿಕೊಂಡರು. ಟ್ರೇಯಲ್ಲಿ ಕಾಲು ಅದ್ದಿ ಶೆಡ್ಡಿನತ್ತ ನಡೆದರು. ಆ ಕೋಳಿಗಳೇನಾದವು ಎಂದು ಕೇಳಿದೆ. "ದಾರಿಯಲ್ಲಿ ಯಾರಿಗೋ ಕೊಟ್ಟೆ, ಖಲಾಸ್," ಎಂದರು, ಅಷ್ಟೇ.

ಆ ಚಳಿಗಾಲ ನಮ್ಮ ಶೆಡ್ಡಿಗೆ ರೋಗ ಬರಲಿಲ್ಲ. ಗೇಟು ಮುಚ್ಚಿದ್ದರಿಂದಲೋ, ಆ ಏಳು ಕೋಳಿಗಳು ಆರೋಗ್ಯವಾಗಿಯೇ ಇದ್ದವೋ, ನನಗೆ ತಿಳಿಯದು. ಬಾರದ ರೋಗ ಸಾಕ್ಷಿ ಬಿಟ್ಟುಹೋಗುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಡ್ರೈವರನ ಹುಂಜವನ್ನು ತಡೆದು ಧಣಿಯ ಪಂಜರಕ್ಕೆ ತೆರೆದುಕೊಳ್ಳುವುದು ಗೇಟೇ ಅಲ್ಲ.

ಆ ದಿನ ಸುವೈಕ್ ರಸ್ತೆಯಲ್ಲಿ ಏಳು ಚುಕ್ಕೆ ಕೋಳಿ ಯಾರಾದರೂ ಪಡೆದಿದ್ದರೆ, ಅವು ಬದುಕಿದವೋ ಸತ್ತವೋ ದಯವಿಟ್ಟು ಬರೆದು ತಿಳಿಸಿ. ಉತ್ತರ ಯಾವುದೇ ಬರಲಿ, ಮತ್ತೆ ಅಂಥ ಪಂಜರ ಬಂದರೆ ಚಿಲಕ ತೆಗೆಯುವವನು ನಾನಲ್ಲ.