ಮಲಕಾರಿಯ ದನಿ ಬರುವ ತನಕ

ಕುರಿ ಕಾಯುವ ಮನೆಯಲ್ಲಿ ಹುಟ್ಟಿ ಐಟಿಐ ಓದಿದ ಗಂಗಾ, ಭೋಜ ಎಂಬ ಊರಿನ ಕಡೆಯ ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಗುತ್ತಿಗೆ ಆಪರೇಟರ್. ಆ ಸಂಜೆ ಅವಳು ಒಳಗಿನಿಂದ ಅಗುಳಿ ಹಾಕಿಕೊಂಡಿದ್ದಳು. ಹೊರಗೆ ಅರ್ಧ ಊರೇ ಬಾಗಿಲು ಗುದ್ದುತ್ತಿತ್ತು. ವಿಶ್ವಕಪ್ ಫೈನಲ್ಲಿನ ಕೊನೆಯ ನಾಲ್ಕು ಓವರ್ ಇದ್ದಾಗ ಕರೆಂಟ್ ಹೋಗಿತ್ತು.

ಕೆಡಿಸಿದವರು ಅವರೇ. ಮ್ಯಾಚ್ ನೋಡಲು ಕಬ್ಬಿನ ಪಂಪುಗಳನ್ನೆಲ್ಲ ತಾವಾಗಿಯೇ ಚಾಲೂ ಆಗುವಂತೆ ಆಟೋಕ್ಕೆ ಹಾಕಿ ಬಂದಿದ್ದರು. ಪಂಪಿಗೆ ಬೇಕಾದ ತ್ರೀಫೇಸ್ ಕರೆಂಟ್ ಬಂದದ್ದೇ ತಡ, ಅಷ್ಟೂ ಪಂಪು ಒಮ್ಮೆಲೇ ಎದ್ದು ತಂತಿ ಸುಟ್ಟಿತು. ಊರಿಗೂ ಅದೇ ಲೈನು. ಲೈನ್‌ಮನ್ ಮಲಕಾರಿ ಗಂಗಾಳಿಂದ ಲೈನ್ ಬಂದ್ ಮಾಡಿಸಿ ಕಂಬ ಹತ್ತಿದ್ದ. ಬಂದ್ ಮಾಡಿಸಿದವನೇ ತನ್ನ ಬಾಯಿಂದ ‘ಚಾಲೂ ಮಾಡು’ ಎನ್ನಬೇಕು. ಆ ಕೆಲಸದ ಕಟ್ಟಳೆ ಅದು. ಅವನ ಫೋನೋ ಹತ್ತುತ್ತಿರಲಿಲ್ಲ.

“ಅಂವ ಇಳದಾನ ಬೇ ಗಂಗಾ, ನಾನ ಕಣ್ಣಾರೆ ನೋಡೀನಿ. ಚಾಲೂ ಮಾಡ!” ಕಿಟಕಿಗೆ ಮುಖ ತುರುಕಿದವರು ವಿರುಪಾಕ್ಷಪ್ಪ. ದೊಡ್ಡ ಕಬ್ಬಿನ ಮನೆತನ. ಅವರ ಒಂದು ಮಾತಿಗೆ ಗುತ್ತಿಗೆ ನೌಕರಿ ಹಾರಿಹೋಗುತ್ತದೆ.

“ಅದನ್ನ ಅಂವನ ಹೇಳ್ಲಿ ಕಾಕಾ.”

“ನನ್ನ ಮಾತಿಗಿ ಕಿಮ್ಮತ್ತಿಲ್ಲೇನ? ನಾಳಿ ನೀ ಇಲ್ಲಿರೂದಿಲ್ಲ ನೋಡ!”

“ನಾ ಇರದಿದ್ರೂ ನಡೀತೈತ್ರಿ. ಅಂವ ಇರಬೇಕು.”

ಕಲ್ಲೊಂದು ಗಾಜು ಒಡೆದು ಒಳಬಿತ್ತು. ಗಂಗಾ ಗೋಡೆಗೆ ಅಂಟಿಕೊಂಡಳು. ಹೊರಹೋಗಲು ಬೇರೆ ಬಾಗಿಲಿರಲಿಲ್ಲ.

ಆಗ ಫೋನ್ ಬಂತು. ಅವಳು ಸ್ಪೀಕರ್ ಹಾಕಿ ಕಿಟಕಿಯತ್ತ ಹಿಡಿದಳು.

“ಅಕ್ಕಾ, ಇನ್ನೂ ಕಂಬದ ಮ್ಯಾಲೇ ಅದೀನಿ. ಹತ್ತು ಮಿನಿಟು ಬೇಕು. ಸ್ಕೋರ್ ಎಷ್ಟಾತು?”

ಬಾಗಿಲು ಗುದ್ದುವುದು ನಿಂತಿತು. ವಿರುಪಾಕ್ಷಪ್ಪ ಮುಖ ಹಿಂದಕ್ಕೆಳೆದುಕೊಂಡರು. ಗಂಗಾ ಮಾತ್ರ ಅಗುಳಿ ತೆಗೆಯಲಿಲ್ಲ.