ಗಡಿಗೆಗೆ ಬಿದ್ದ ಸ್ಟ್ರಾಬೆರಿ

ತೊಂಬತ್ತರ ದಶಕದಲ್ಲಿ ವೈಟ್‌ಫೀಲ್ಡ್‌ನ ಬಾಡಿಗೆ ಮನೆಗಳಿಗೂ ಹಿತ್ತಲಿರುತ್ತಿತ್ತು. ಫ್ಯಾಕ್ಟರಿ ಶಿಫ್ಟಿನ ನಮ್ಮಂಥವರಿಗೆ ಅದರ ಕಡೆ ನೋಡಲು ಪುರುಸೊತ್ತಿರಲಿಲ್ಲ. ಮೆಷಿನ್ ರಿಪೇರಿಗೆಂದು ಪುಣೆ ಕಡೆ ಹೋಗಿದ್ದಾಗ ಅಲ್ಲಿನ ಫ್ಯಾಕ್ಟರಿಯ ಮಾಲಿ ಸ್ಟ್ರಾಬೆರಿ ಸಸಿ ಕೊಟ್ಟಿದ್ದ. ಸಸಿ ಅಂದರೆ ಎಲೆಯಿಲ್ಲ, ಮಣ್ಣಿಲ್ಲ. ಕಂದು ಬೇರಿನ ಒಂದು ಕಟ್ಟು, ಅಷ್ಟೇ. ರಾತ್ರಿಯಿಡೀ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ನೆಡಲು ಕೈಲಾಗದೆ, ಹಿತ್ತಲ ಬಕೆಟ್ಟಿನ ನೀರಲ್ಲಿ ಬೇರು ಅದ್ದಿಟ್ಟು ಮಲಗಿಬಿಟ್ಟೆ.

ಎದ್ದಾಗ ಮಧ್ಯಾಹ್ನ. ಬಕೆಟ್ ಖಾಲಿ. ಮನೆ ಓನರ್ ರಾಜಮ್ಮನವರು ಒಂದು ಲೋಟ ನೀರು ಕೊಟ್ಟರು. ಕುಡಿದರೆ ಬರೀ ಮಣ್ಣಿನ ರುಚಿ.

“ಯಾರೋ ನಿಂಗೆ ಮೋಸ ಮಾಡವ್ರೆ ಕಣಪ್ಪ. ಲಾವಂಚದ ಬೇರು ತಂದಿದ್ದೀಯ ಅನ್ಕೊಂಡು, ನೀರು ಘಮ್ ಅನ್ಲಿ ಅಂತ ತೊಳ್ದು ಗಡಿಗೆಗೆ ಹಾಕ್ದೆ. ಒಂದಿಷ್ಟೂ ವಾಸ್ನೆ ಇಲ್ಲ.”

“ಅದು ಹಣ್ಣಿನ ಗಿಡ, ಅಮ್ಮ.”

ಅವರು ನನ್ನ ಮುಖ ನೋಡಿದರು. “ಪಾಪ, ನಿದ್ದೆ ಸಾಲ್ದು ನಿಂಗೆ. ಇನ್ನೊಂದ್ ಗಳಿಗೆ ಮಲ್ಕೋ ಹೋಗು.”

ವಾದಕ್ಕೆ ತ್ರಾಣವಿರಲಿಲ್ಲ. ಸಂಜೆ ಬೇರುಗಳನ್ನು ಗಡಿಗೆಯಿಂದ ತೆಗೆದು, ಸುಳಿ ಮಣ್ಣಿನ ಮೇಲಿರುವಂತೆ ನೆಟ್ಟೆ. ಒಂದು ಬಿಟ್ಟು ಉಳಿದವೆಲ್ಲ ಕೊಳೆತವು. ಬೇಸಿಗೆಗೆ ಮುಂಚೆ ಆ ಒಂದು ಗಿಡ ಒಂದೇ ಹಣ್ಣು ಬಿಟ್ಟಿತು. ನಾನು ಶಿಫ್ಟ್ ಮುಗಿಸಿ ಬರುವಷ್ಟರಲ್ಲಿ ಅದು ರಾಜಮ್ಮನವರ ಅಂಗೈಯಲ್ಲಿತ್ತು. ಮೂಸಿ ನೋಡುತ್ತಿದ್ದರು.

“ಮೋಸ ಏನಲ್ಲ ಬಿಡಪ್ಪ. ಬೇರಿನ ವಾಸ್ನೆ ಎಲ್ಲಾ ಹಣ್ಣಿಗೆ ಬಂದ್ಬಿಟ್ಟೈತೆ.”

ಇವತ್ತಾದರೂ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಹಣ್ಣನ್ನು ಸೀದಾ ನನ್ನ ಬಾಯಿಗೆ ಇಟ್ಟುಬಿಟ್ಟರು. ಅವರ ಪ್ರಕಾರ ನಾನು ಅವತ್ತು ತಿಂದದ್ದು ಲಾವಂಚದ ಹಣ್ಣು. ರುಚಿಯಾಗಿಯೇ ಇತ್ತು.