ಬಿಸಿಲಿನ ತುರಿಕೆ, ಅವ್ವನ ಹುಳಿ

ಬಿಸಿಲು ನನಗೆ ಆಗಿಬರುವುದಿಲ್ಲ. ಸಂಗೊಳ್ಳಿಯಲ್ಲಿ ಹುಟ್ಟಿ ಈ ಮಾತು ಹೇಳಿದರೆ, ಮೀನು ನೀರು ಒಲ್ಲೆ ಅಂದಂತೆ ಜನ ನಗುತ್ತಾರೆ. ಹತ್ತು ನಿಮಿಷ ಬಿಸಿಲಿಗೆ ಬಿದ್ದರೆ ಸಾಕು, ಕುತ್ತಿಗೆ, ಮುಂಗೈ ಮೇಲೆ ಕೆಂಪಗೆ ದದ್ದು ಏಳುತ್ತವೆ, ಆಮೇಲೆ ತುರಿಕೆ. ಬೈಲಹೊಂಗಲದ ಅಂಗಡಿ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ನೆರಳಿನ ಬದಿಯ ಸೀಟಿಗಾಗಿ ಜಗಳಕ್ಕೂ ನಿಂತವಳು ನಾನು. "ಮಹಾರಾಣಿಗೆ ಜಾಗಾ ಬಿಡ್ರಿ" ಎಂದು ಕಂಡಕ್ಟರ್ ಛೇಡಿಸುತ್ತಿದ್ದ.

ಡಾಕ್ಟರು ಮುಲಾಮು ಕೊಟ್ಟು, ಮೈ ಮುಚ್ಚಿಕೊಂಡು ಓಡಾಡಿ ಎಂದರು. ಅವ್ವನಿಗೆ ಮುಲಾಮಿನ ಮೇಲೆ ನಂಬಿಕೆ ಇರಲಿಲ್ಲ. ಅವಳ ನಂಬಿಕೆಯೆಲ್ಲ ಕಡಲೆಯ ಹುಳಿಯ ಮೇಲೆ. ಚಳಿಗಾಲದಲ್ಲಿ ಸೂರ್ಯ ಏಳುವ ಮೊದಲೇ ಹೊಲಕ್ಕೆ ಹೋಗಿ, ಕಡಲೆ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ, ಇಬ್ಬನಿಯೊಡನೆ ಎಲೆಗಳು ಒಸರುವ ಹುಳಿಯನ್ನೂ ಹೀರಿದ ಆ ಬಟ್ಟೆಯನ್ನು ಹಿಂಡಿ ಸೀಸೆಗೆ ತುಂಬುತ್ತಿದ್ದಳು. ಹೊಟ್ಟೆನೋವಿಗೆ ಅದು ನಮ್ಮ ಕಡೆಯ ಮದ್ದು. ಹೊಟ್ಟೆಗೆ ಆದದ್ದು ಚರ್ಮಕ್ಕೆ ಆಗದೇ ಎಂಬುದು ಅವ್ವನ ವಾದ. ಹಿಂಡಿ ಹಿಂಡಿ ಅವಳ ಬೆರಳ ಸಂದಿಗಳೇ ಒಡೆದಿದ್ದವು. ಅದು ಆಗ ನನ್ನ ಕಣ್ಣಿಗೆ ಬೀಳಲಿಲ್ಲ.

ಒಂದು ಮುಂಜಾನೆ ಬಸ್ಸಿಗೆ ಹೊರಟವಳನ್ನು ನಿಲ್ಲಿಸಿ ಕುತ್ತಿಗೆಗೂ ಕೈಗೂ ಹುಳಿ ಹಚ್ಚಿದಳು. ನಾನೂ ಬೇಡವೆನ್ನಲಿಲ್ಲ. ಬಿಸಿಲು ತಾಗಿದ್ದೇ ತಡ, ಜೀವ ಹೋಗುವಂಥ ಉರಿ. ಸಂಜೆ ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಓಣಿಯ ಹೆಂಗಸರೊಂದಿಗೆ ಕುಳಿತಿದ್ದಳು. ಅವರೆದುರೇ ಕೂಗಿದೆ: "ಇನ್ನ ಮ್ಯಾಲೆ ನನ್ನ ಮೈ ಮುಟ್ಟಬ್ಯಾಡ ನೀ!"

ಅಂದಿನಿಂದ ಅವ್ವ ನನ್ನನ್ನು ಮುಟ್ಟಲಿಲ್ಲ. ಊಟಕ್ಕೆ ಕರೆದು ತಾಟನ್ನು ನೆಲಕ್ಕಿಟ್ಟು ನನ್ನತ್ತ ಸರಿಸುತ್ತಿದ್ದಳು. ಹಬ್ಬದ ದಿನ ನನ್ನ ನೆತ್ತಿಗೆ ಎಣ್ಣೆ ಹಚ್ಚುವ ಕೆಲಸ ಅತ್ತಿಗೆಯ ಪಾಲಾಯಿತು. ದದ್ದು ನಾಲ್ಕು ದಿನಕ್ಕೆ ಇಳಿಯಿತು, ನನ್ನ ಹಟ ಇಳಿಯಲಿಲ್ಲ. ತಪ್ಪಾಯಿತು ಎನ್ನಲು ಏನು ಧಾಡಿಯಾಗಿತ್ತೋ ನನಗೆ! ನಾಳೆ ಅಂದರಾಯಿತು ಎಂದುಕೊಂಡೇ ಎರಡು ವರ್ಷ ಕಳೆದೆ.

ಈ ಬೇಸಿಗೆಯಲ್ಲಿ ಅವ್ವನ ಹೃದಯ ಸೋತಿತು, ಆಸ್ಪತ್ರೆಗೆ ಸೇರಿಸಿದೆವು. ನಾನು ಮಂಚದ ಪಕ್ಕ ಕುಳಿತಿದ್ದೆ. ಕಿಟಕಿಯ ಬಿಸಿಲು ನನ್ನ ಮುಂಗೈ ಮೇಲೆ ಬಿದ್ದದ್ದನ್ನು ನಾನು ನೋಡಿರಲಿಲ್ಲ, ಅವಳು ನೋಡಿದಳು. ಸಲಾಯಿನ್ ಇಲ್ಲದ ಕೈ ಎತ್ತಿ, ನನ್ನ ಕೈಗಿಂತ ನಾಲ್ಕು ಬೆರಳು ಮೇಲೆ ಹಿಡಿದು ನೆರಳು ಮಾಡಿದಳು.

"ನಾ ಮುಟ್ಟಾಕತ್ತಿಲ್ಲವ್ವಾ," ಅಂದಳು. "ಬರೇ ನೆರಳ ಮಾಡೇನಿ."

ಆ ಕೈಯನ್ನು ಎಳೆದು ಎದೆಗೊತ್ತಿಕೊಳ್ಳಬೇಕಿತ್ತು. ನಾನು ಆ ನೆರಳನ್ನೇ ನೋಡುತ್ತ ಕುಳಿತೆ. ಅಷ್ಟರಲ್ಲಿ ನರ್ಸ್ ಬಂದು ಪರದೆ ಎಳೆದಳು. ಬಿಸಿಲು ಹೋಯಿತೆಂದು ಅವ್ವ ಕೈ ಇಳಿಸಿಕೊಂಡು ಕಣ್ಣು ಮುಚ್ಚಿದಳು. ಮತ್ತೆ ತೆರೆಯಲಿಲ್ಲ.